ಬ್ಯಾಡಗಿಯಲ್ಲಿದ್ದ ಫ್ಲಾಪಿ

ದಸರೆಗೆ ಎಂಟು ದಿನ ಇರುವಾಗ ರಾಣೇಬೆನ್ನೂರಿನ ನಮ್ಮ ಹಳೆಯ ಕಾಲೇಜಿನಿಂದ ಫೋನು ಬಂತು. ಕಂಪ್ಯೂಟರ್ ಲ್ಯಾಬಿನ ಹಳೇ ಸಾಮಾನನ್ನೆಲ್ಲ ಗುಜರಿಗೆ ಹಾಕುತ್ತಾರಂತೆ. ದಾಸ್ತಾನು ಪುಸ್ತಕದಲ್ಲಿ ನನ್ನ ಸಹಿ ಇದೆಯಂತೆ, ನಾನೇ ಬಂದು ನೋಡಿ ಇನ್ನೊಂದು ಸಹಿ ಹಾಕಬೇಕಂತೆ. ನಾನು ಈಗ ಹಾವೇರಿಯಲ್ಲಿ ಅದೇ ಸಂಸ್ಥೆಯ ಇನ್ನೊಂದು ಕಾಲೇಜಿನಲ್ಲಿದ್ದೇನೆ. ಒಂದು ರಜೆ ಹಾಳಾಯಿತಲ್ಲ ಎಂದು ಗೊಣಗುತ್ತಲೇ ಬಸ್ಸು ಹತ್ತಿದೆ.

ಲ್ಯಾಬಿನಲ್ಲಿ ಕಪಾಟಿನ ಹಿಂದೆ ಅದು ಇನ್ನೂ ಇತ್ತು. ಹಳದಿಗಟ್ಟಿದ, ಅಡ್ಡ ಮಲಗುವ ಪೆಟ್ಟಿಗೆ. ಮುಂದುಗಡೆ ಕುಂಕುಮದ ಕಲೆ. ಗುಂಡಿ ಒತ್ತಿದೆ. ಹೊಟ್ಟೆಯೊಳಗಿಂದ ಒಂದು ನೀಲಿ ಫ್ಲಾಪಿ ಅರ್ಧ ಹೊರಗೆ ಬಂತು, ಅದರ ಬೆನ್ನಿಗೇ ನನಗೆ ಸೀನು ಬಂತು. ಒಂದಲ್ಲ, ನಾಲ್ಕು. ಮೆಣಸಿನಕಾಯಿಯ ಘಾಟು! ಇಷ್ಟು ವರ್ಷಗಳ ಮೇಲೆ ಘಾಟು ಉಳಿದಿರಲಾರದು, ಅದು ಬರೀ ಧೂಳು ಎಂದು ಯಾರಾದರೂ ಹೇಳಿಯಾರು. ಹೇಳಲಿ. ಸೀನಿದವನು ನಾನು.

ಅದು ಎರಡು ಸಾವಿರದ ಆರನೆಯ ಇಸವಿ. ನಮ್ಮ ಕಾಲೇಜಿಗೆ ಬಿಸಿಎ ಬರುವುದಿತ್ತು. ವಿಶ್ವವಿದ್ಯಾಲಯದ ಸಮಿತಿ ಬಂದು ಲ್ಯಾಬು ನೋಡಿ ಹೂಂ ಅನ್ನಬೇಕು, ಆಮೇಲೆ ಅನುಮತಿ. ಲ್ಯಾಬಿನಲ್ಲಿ ಇದ್ದವರು ನಾವಿಬ್ಬರೇ, ನಾನು ಮತ್ತು ಗಿರಿಜಾ. ಇಬ್ಬರೂ ಹಂಗಾಮಿ. ನಾನು ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಬಂದು, ಹೆದ್ದಾರಿಯಲ್ಲಿ ಸಿಕ್ಕ ಬಸ್ಸು ಹಿಡಿದು ಬರುತ್ತಿದ್ದೆ. ಆಕೆ ಗುತ್ತಲದಿಂದ. ನನ್ನದು ಆಗಲೇ ಐದು ವರ್ಷ, ಆಕೆಯದು ಎರಡು. ಪ್ರಾಚಾರ್ಯರು ಜುಲೈನಲ್ಲಿ ಒಂದು ದಿನ ಇಬ್ಬರನ್ನೂ ಕರೆದು ಕೂರಿಸಿಕೊಂಡರು.

"ನೋಡ್ರಿ, ಎರಡೂ ಲ್ಯಾಬಿನಾಗ, ಆಫೀಸಿನಾಗ ಇಂಟರ್ನೆಟ್ ಓಡಬೇಕು. ಆದ್ರ ಹುಡುಗ್ರು ಆಫೀಸಿನ ಕಂಪ್ಯೂಟರಿನಾಗ ಕೈ ಆಡಸಬಾರ್ದು, ಅದರಾಗ ಮಾರ್ಕ್ಸ್ ಇರತಾವ. ಹೊಸಾ ಡಬ್ಬಿ ಗಿಬ್ಬಿ ಕೇಳಬ್ಯಾಡ್ರಿ, ಇದ್ದದ್ರಾಗ ಮಾಡ್ರಿ. ದಸರಾ ರಜಾ ಮುಗದ ಮೊದಲನೇ ದಿನಾನ ಸಮಿತಿ ಬರ್ತೈತಿ. ಯಾರ ಕೆಲಸ ಅವತ್ತ ನಿಲ್ಲತೈತಿ, ಅವರ ಹೆಸರು ನಾ ಹೇಳ್ತೇನಿ. ಕಾಯಂ ಪೋಸ್ಟು ಒಂದ ಐತಿ, ಎರಡಿಲ್ಲ."

ಒಂದ ಐತಿ, ಎರಡಿಲ್ಲ. ಹೊರಗೆ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದ್ದದ್ದರಲ್ಲಿ ಮಾಡುವುದೆಂದರೆ, ಯಾವುದೋ ಹಳೆಯ ಕಂಪ್ಯೂಟರನ್ನು ರೂಟರ್ ಮಾಡುವುದು. ಒಂದೇ ತಂತಿಯಲ್ಲಿ ಬರುವ ಇಂಟರ್ನೆಟ್ಟನ್ನು ಎಲ್ಲರಿಗೂ ಹಂಚಬೇಕು, ಯಾರು ಯಾವ ಕಡೆ ಹೋಗಬಹುದು, ಹೋಗಬಾರದು ಎಂದು ಕಾಯಬೇಕು. ಅದಕ್ಕೆ ತಕ್ಕ ಆಪರೇಟಿಂಗ್ ಸಿಸ್ಟಂ ಒಂದನ್ನು ಆರಿಸಿ ಆ ಯಂತ್ರಕ್ಕೆ ಹಾಕಬೇಕು. ಪುಕ್ಕಟೆ ಸಿಗುವಂಥವು ಆಗಲೇ ಹತ್ತಾರು ಇದ್ದವು. ನಾನು ಆರಿಸಿದ್ದು ದೊಡ್ಡದನ್ನು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿತ್ತು. ಹಾರ್ಡ್ ಡಿಸ್ಕ್ ಬೇಕು, ಒಳ್ಳೆಯ ಯಂತ್ರ ಬೇಕು, ಆದರೆ ಎಲ್ಲವನ್ನೂ ಬಣ್ಣದ ಪುಟದಲ್ಲಿ ತೋರಿಸುತ್ತದೆ. ಯಾರು ಎಷ್ಟು ಬಳಸಿದರು ಎಂದು ಹಸಿರು ಗೆರೆ ಏರಿಳಿಯುತ್ತದೆ. ಆ ಗೆರೆಯನ್ನು ನೋಡಿದಾಗಲೇ ಸಮಿತಿಯವರು ತಲೆದೂಗುವುದು ನನ್ನ ಕಣ್ಣಿಗೆ ಕಟ್ಟಿತ್ತು.

ಗಿರಿಜಾ ಆರಿಸಿದ್ದು ಒಂದೇ ಫ್ಲಾಪಿಯಲ್ಲಿ ಹಿಡಿಸುವ ಪುಟ್ಟದೊಂದು ಲಿನಕ್ಸ್. ಹಾವೇರಿಯ ಬ್ರೌಸಿಂಗ್ ಸೆಂಟರಿಗೆ ಹೋಗಿ ಇಳಿಸಿಕೊಂಡು ಬಂದಳು. ಗುಮಾಸ್ತರು ಎಸೆಯಲು ಇಟ್ಟಿದ್ದ ಮುದಿ ಪೆಟ್ಟಿಗೆಯೊಂದನ್ನು ಎತ್ತಿಕೊಂಡು, ಅದರ ಕೆಟ್ಟ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದು, ಮೂರು ನೆಟ್‌ವರ್ಕ್ ಕಾರ್ಡು ಸಿಗಿಸಿದಳು. ಮಾನಿಟರ್ ಸಹ ಇಲ್ಲ. ಪೆಟ್ಟಿಗೆ ಶುರುವಾದಾಗ ಫ್ಲಾಪಿಯಲ್ಲಿದ್ದದ್ದೆಲ್ಲ ಯಂತ್ರದ ನೆನಪಿಗೆ ಹೋಗುತ್ತದೆ, ಆಮೇಲೆ ಫ್ಲಾಪಿ ಹೊರಗೆ ತೆಗೆದರೂ ಅದು ಓಡುತ್ತಲೇ ಇರುತ್ತದೆ.

ನಾನು ನಕ್ಕೆ. "ಮೇಡಂ, ಫ್ಲಾಪಿ ಅಂದ್ರ ಸಮಿತಿಯವ್ರು ಹೊಟ್ಟಿ ಹಿಡ್ಕೊಂಡ ನಗ್ತಾರ್ರಿ."

"ನಗಲಿ ಬಿಡ್ರಿ ಸರ. ಬಾಗಲಾ ಕಾಯೋದಷ್ಟ ಇದರ ಕೆಲಸ. ಬಾಗಲಾ ಕಾಯಾವ್ಗ ನೀವು ಮಾಳಗಿ ಮನಿ ಯಾಕ ಕಟ್ಟಾಕತ್ತೀರಿ?"

"ಗ್ರಾಫು ಬರ್ತೈತೇನ್ರಿ ನಿಮ್ಮದರಾಗ?"

"ಗ್ರಾಫ್ ಬರಂಗಿಲ್ಲ. ಕರೆಂಟ್ ಹೋಗಿ ಬಂದ ಮ್ಯಾಲ ಯಾರದು ತಾನಾಗಿ ಏಳತೈತಿ, ಅದನ್ನ ನೋಡೂಣು."

ಹದಿನೈದು ದಿನ ನನ್ನದು, ಹದಿನೈದು ದಿನ ಆಕೆಯದು ಎಂದು ಪಾಳಿ ಹಾಕಿಕೊಂಡೆವು. ಆ ವರ್ಷ ಶ್ರಾವಣದ ಜಿಟಿಜಿಟಿ ಬಿಡುವುದೇ ಇಲ್ಲ ಎನ್ನುವಂತೆ ಹಿಡಿದಿತ್ತು. ಗಾಳಿ ಬೀಸಿದರೆ ಕರೆಂಟಿಲ್ಲ, ಗಾಳಿ ನಿಂತರೆ ಲೋಡ್ ಶೆಡ್ಡಿಂಗು. ಲ್ಯಾಬಿನ ಯುಪಿಎಸ್ಸಿನ ಬ್ಯಾಟರಿ ಹೆಸರಿಗೆ ಮಾತ್ರ ಇತ್ತು. ನನ್ನ ದೊಡ್ಡ ಸಿಸ್ಟಂ ಪ್ರತಿ ಸಲ ಕರೆಂಟು ಬಂದಾಗಲೂ ಡಿಸ್ಕು ತಪಾಸಣೆ ಎಂದು ಕೂರುತ್ತಿತ್ತು. ಅರ್ಧ ತಾಸು. ಕೆಲವು ಸಲ ಅಲ್ಲೇ ನಿಂತು, ಯಾರಾದರೂ ಬಂದು ಕೀಲಿ ಒತ್ತಿ ಎಂದು ಬೇಡುತ್ತಿತ್ತು. ನಾನು ಬ್ಯಾಡಗಿಯ ಬಸ್ಸಿನಲ್ಲಿ ಜೋತಾಡುತ್ತಿರುವಾಗ ಅದು ಇಲ್ಲಿ ಕೈ ಚಾಚಿ ಕುಳಿತಿರುತ್ತಿತ್ತು. ಆಕೆಯ ಮುದಿ ಪೆಟ್ಟಿಗೆ ಕರ್ರ್ ಕರ್ರ್ ಎಂದು ಫ್ಲಾಪಿ ಓದಿಕೊಂಡು ಎರಡು ನಿಮಿಷದಲ್ಲಿ ಎದ್ದು ಕೆಲಸ ಶುರು ಮಾಡುತ್ತಿತ್ತು. ದಿನಕ್ಕೆ ಆರು ಸಲ ಕರೆಂಟು ಹೋದರೆ ಆರು ಸಲವೂ ಎದ್ದಿತು. ಹಾರ್ಡ್ ಡಿಸ್ಕೇ ಇಲ್ಲದ ಮೇಲೆ ಕೆಡುವುದಾದರೂ ಏನು?

ಆಕೆ ಸರಿ, ನಾನು ತಪ್ಪು ಎಂಬುದು ಆಗಸ್ಟ್ ಮುಗಿಯುವುದರೊಳಗೆ ನನಗೆ ಖಚಿತವಾಗಿತ್ತು. ಹೊಟ್ಟೆ ಉರಿಯಿತು. ಬೇರೆ ಮಾತು ಯಾಕೆ? ಉರಿಯಿತು ಅಷ್ಟೆ.

ಸಂಜೆ ಬ್ಯಾಡಗಿಯಲ್ಲಿ ಇಳಿದರೆ ಮೊದಲು ಸಿಗುವುದು ನನ್ನ ಮಾವನವರ ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲವನ್ನು ಅಲ್ಲೇ ಗೋಣಿಗಳ ಮೇಲಿಟ್ಟು ಚಹಾ ಕುಡಿಯುವುದು ರೂಢಿ. ಹಾಗಾಗಿ ನನ್ನ ಚೀಲಕ್ಕೆ ಹನ್ನೆರಡು ತಿಂಗಳೂ ಘಾಟು. ಮಾವನವರು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದರು, "ಏನ್ರಿ ಅಳೇಂದ್ರ, ಇನ್ನಾ ಹಂಗಾಮಿನ ಏನು?" ಗಿರಾಕಿಗಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವನ್ನು ಮನೆಗೆ ಹೊತ್ತುಕೊಂಡು ಹೋಗಿ ಹೆಂಡತಿಯ ಮೇಲೆ ಸಿಡುಕುತ್ತಿದ್ದೆ.

ಗಿರಿಜಾಳ ಕಥೆಯೂ ನನಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಇಲ್ಲ. ಅವ್ವನೂ ಆಕೆಯೂ ಗುತ್ತಲದಲ್ಲಿ ಸೋದರಮಾವನ ಮನೆಯಲ್ಲಿದ್ದರು. ಒಂದು ಸಂಜೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಾಗ, ಸ್ಟೇಷನ್ ರೋಡಿನ ಹಿಂದಿನ ಓಣಿಯಲ್ಲಿ ಹಸಿರು ಬಾಗಿಲಿನ ಒಂದು ಮನೆಯ ಮುಂದೆ ನಿಂತಳು.

"ಸರ, ಈ ಮನಿ ನೋಡ್ರಿ. ಎರಡ ಖೋಲಿ. ನಳ ಒಳಗ ಐತಂತ. ಕಾಯಂ ಆತಂದ್ರ ಇದನ್ನ ಬಾಡಗಿ ಹಿಡದು ಅವ್ವನ್ನ ಕರ್ಕೊಂಡ ಬರ್ತೇನಿ. ಆಕಿ ತನ್ನ ಒಲಿ ಮ್ಯಾಲ ತಾನ ಅಡಗಿ ಮಾಡಿ ಎಂಟ ವರ್ಷ ಆತ್ರಿ. ಅಲ್ಲೆ ನಮ್ಮ ಮಾಮಿ ಉಪ್ಪಿನ ಡಬ್ಬಿ ಸೈತ ಕೈಗೆ ಕೊಡಂಗಿಲ್ಲ."

ಇದನ್ನು ನನಗೆ ಯಾಕೆ ಹೇಳಿದಳೋ! ನಾನೂ ಅದೇ ಪೋಸ್ಟಿಗೆ ಬಾಯಿ ತೆರೆದು ಕುಳಿತವನು ಎಂದು ಆಕೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ನಂಬಿದ್ದಳು. ನಂಬಿಕೆಯಿಂದಲೇ ಇನ್ನೊಂದು ಕೆಲಸವನ್ನೂ ಮಾಡಿದಳು. ಸೆಪ್ಟೆಂಬರಿನಲ್ಲಿ ಎಲ್ಲ ಸರಿಹೊಂದಿದ ಮೇಲೆ ಆ ಫ್ಲಾಪಿಯದೇ ನಕಲು ಇನ್ನೊಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಕರಿಯದು ಮೂಲ, ನೀಲಿಯದು ನಕಲು.

"ಒಂದ ಕಡೆ ಎರಡೂ ಇರಬಾರ್ದ್ರಿ ಸರ. ಇಲ್ಲೆ ಬೆಂಕಿ ಬಿತ್ತು, ನೀರ ಬಿತ್ತು ಅಂದ್ರ? ಇದೊಂದು ಬ್ಯಾಡಗ್ಯಾಗ ನಿಮ್ಮ ಮನ್ಯಾಗ ಇರ್ಲಿ."

"ಆತ್ರಿ" ಎಂದು ಚೀಲದ ಹೊರಗಿನ ಕಿಸೆಗೆ ಹಾಕಿಕೊಂಡೆ. ಮನೆಯಲ್ಲಿ ತೆಗೆದಿಡಬೇಕು ಅಂದುಕೊಂಡೆ. ಇವತ್ತು ನಾಳೆ ಎನ್ನುತ್ತ ಅದು ಕಿಸೆಯಲ್ಲೇ ಉಳಿಯಿತು. ದಿನಾ ಬ್ಯಾಡಗಿಗೆ ಹೋಗಿ ದಿನಾ ರಾಣೇಬೆನ್ನೂರಿಗೆ ಬರುತ್ತಿತ್ತು.

ದಸರೆಯ ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆ, ಬಂತು. ನಮ್ಮ ಕಾಲೇಜಿನಲ್ಲಿ ಅವರವರ ವಿಭಾಗದಲ್ಲಿ ಬೇರೆ ಬೇರೆ ಪೂಜೆ ಇಲ್ಲ. ಭೌತಶಾಸ್ತ್ರದ ಲ್ಯಾಬಿನ ಉದ್ದನೆಯ ಮೇಜಿನ ಮೇಲೆ ಎಲ್ಲರ ಆಯುಧಗಳೂ ಒಂದೇ ಕಡೆ. ಆ ಲ್ಯಾಬಿನ ಹಿರಿಯ ಸಹಾಯಕ ಈರಪ್ಪನವರೇ ಅದರ ಯಜಮಾನರು. ಗುಮಾಸ್ತರು ಪೆನ್ನು, ಮೊಹರು ತಂದರು. ಗಂಟೆ ಬಾರಿಸುವವರು ಗಂಟೆಯ ಕೊಡತಿ ತಂದರು. ಆಟದ ಮಾಸ್ತರರು ಸೀಟಿ ತಂದರು. ಈರಪ್ಪನವರು ಕಪಾಟಿನಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ತೆಗೆದು, ಭಾರವಾದದ್ದರಿಂದ ನನ್ನನ್ನು ಕರೆದು, "ಒಂದ ಕಡೆ ಹಿಡೀರಿ ಸರ" ಎಂದರು. ಅದರ ತುಂಬ ಆಯಸ್ಕಾಂತಗಳು. ಪಟ್ಟಿಯವು, ಕುದುರೆಯ ಲಾಳದಂಥವು. ಇಬ್ಬರೂ ಹೊತ್ತು ಮೇಜಿನ ನಟ್ಟ ನಡುವೆ ಇಟ್ಟೆವು. ಅದರ ಮೇಲೆ ಅವರು ಹಳದಿ ವಸ್ತ್ರ ಹಾಸಿ, ಚೆಂಡುಹೂವು ಸುರಿದರು. ಪೆಟ್ಟಿಗೆ ಇದ್ದದ್ದೇ ಕಾಣದಂತಾಯಿತು.

ಗಿರಿಜಾ ಕಡೆಯಲ್ಲಿ ಬಂದಳು. ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಕುಂಕುಮ ಹಚ್ಚಿ, ಎಲ್ಲವನ್ನೂ ಬಂದ್ ಮಾಡಿ, ಬೀಗ ಹಾಕಿ ಬಂದಿದ್ದಳು. ಕೈಯಲ್ಲಿ ಆ ಕರಿಯ ಫ್ಲಾಪಿ.

"ಕಂಪ್ಯೂಟರ್ ಹೊತ್ಕೊಂಡ ಬರಾಕ ಆಗಂಗಿಲ್ರಿ ಈರಪ್ಪಾರ. ನನ್ನ ಆಯುಧ ಇದ."

"ತರ್ರಿ ಅಕ್ಕಾರ, ನಡಬರಕ ಇಡೂಣು. ವಿದ್ಯಾದ್ದು ಎತ್ತರದಾಗ ಇರಬೇಕು" ಎಂದು ಈರಪ್ಪನವರು ಅದನ್ನು ತೆಗೆದುಕೊಂಡು, ವಿಭೂತಿ ಎಳೆದು, ಆ ಹಳದಿ ವಸ್ತ್ರದ ಮೇಲೆ ಇಟ್ಟರು.

ಆಯಸ್ಕಾಂತದ ಮೇಲೆ ಫ್ಲಾಪಿ! ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ ಎಂದು ಮೊದಲ ವರ್ಷದ ಹುಡುಗರಿಗೆ ನಾನೇ ಬೋರ್ಡಿನ ಮೇಲೆ ಬರೆಸುತ್ತಿದ್ದೆ. ವಸ್ತ್ರದ ಕೆಳಗೆ ಏನಿದೆ ಎಂದು ಗಿರಿಜಾಗೆ ಗೊತ್ತಿಲ್ಲ. ಈರಪ್ಪನವರಿಗೆ ಫ್ಲಾಪಿ ಎಂದರೇನೆಂದು ಗೊತ್ತಿಲ್ಲ. ಎರಡೂ ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಬಾಯಿ ತೆರೆದೆ, ಖರೇ ಹೇಳುತ್ತೇನೆ, ತೆರೆದೆ. ಅಷ್ಟರಲ್ಲಿ ಆರತಿ ಶುರುವಾಯಿತು. ಆರತಿ ಮುಗಿದ ಮೇಲೆ ಮೇಜಿನ ಹತ್ತಿರ ಕೈ ಚಾಚಿದರೆ ಈರಪ್ಪನವರು, "ಮುಟ್ಟಬ್ಯಾಡ್ರಿ ಸರ, ಬನ್ನಿ ಮುಡಿಯೋ ಮಟಾ ಯಾವುದೂ ಅಲುಗಾಡಸಂಗಿಲ್ಲ" ಎಂದರು. ನನಗೆ ಅಷ್ಟೇ ಬೇಕಾಗಿತ್ತು. ಪದ್ಧತಿ ಮುರಿಯಬಾರದಲ್ಲ ಎಂದು ಮಂಡಕ್ಕಿ ತಿನ್ನುತ್ತ ಹೊರಗೆ ಬಂದೆ. ನಕಲು ಇದ್ದೇ ಇದೆಯಲ್ಲ, ನನ್ನ ಕಿಸೆಯಲ್ಲೇ ಇದೆಯಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡೆ.

ರಜೆ ಮುಗಿಯಿತು. ಹನ್ನೊಂದು ಗಂಟೆಗೆ ಸಮಿತಿ. ನಾನು ಒಂಬತ್ತೂವರೆಗೆ ಹೋದಾಗ ಗಿರಿಜಾ ಆಗಲೇ ಬಂದಿದ್ದಳು. ಹೊಸ ಇಳಕಲ್ ಸೀರೆ, ಮುಡಿಯಲ್ಲಿ ಸೇವಂತಿಗೆ. ಪೂಜೆಯ ಮೇಜಿನಿಂದ ಫ್ಲಾಪಿ ತಂದು, ವಿಭೂತಿ ಒರೆಸಿ, ಕಣ್ಣಿಗೊತ್ತಿಕೊಂಡು, ಪೆಟ್ಟಿಗೆಗೆ ಹಾಕಿ ಗುಂಡಿ ಒತ್ತಿದಳು. ಕರ್ರ್ ಎಂದಿತು. ಮತ್ತೆ ಕರ್ರ್ ಎಂದಿತು. ನಿಂತಿತು. ಮಾನಿಟರ್ ತಂದು ಹಚ್ಚಿ ನೋಡಿದರೆ, ಓದಲು ಬರುತ್ತಿಲ್ಲ ಎಂದು ಒಂದೇ ಸಾಲು. ಮೂರು ಸಲ ಮಾಡಿದಳು. ನಾಲ್ಕನೆಯ ಸಲ ಫ್ಲಾಪಿಯನ್ನು ಸೆರಗಿನಿಂದ ಒರೆಸಿ ಹಾಕಿದಳು.

ಸೆಕೆಯಿತ್ತು. ನಾನು ಚೀಲದ ಹೊರಗಿನ ಕಿಸೆಯಿಂದ ಕರವಸ್ತ್ರ ಎಳೆದು ಮುಖ ಒರೆಸಿಕೊಂಡೆ. ಬೆರಳಿಗೆ ಫ್ಲಾಪಿ ತಾಗಿತು. ಗಿರಿಜಾ ನನ್ನ ಕಡೆ ತಿರುಗಿದಳು.

"ಸರ, ನಿಮ್ಮ ಹತ್ರ ಒಂದ ಐತಲ್ರಿ?"

ಒಂದು ಮಾತು. ಕೈ ಹಾಕಿ ತೆಗೆದುಕೊಟ್ಟರೆ ಎರಡು ನಿಮಿಷ. ನನಗೆ ಆ ಕ್ಷಣ ಮಾವನವರ ಅಂಗಡಿ ಕಂಡಿತು, ನಗುವ ಗಿರಾಕಿಗಳು ಕಂಡರು. ಹಸಿರು ಬಾಗಿಲು ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದೂ ಕಂಡಿತು.

"ಅದು ಬ್ಯಾಡಗ್ಯಾಗ ಐತ್ರಿ, ಮನ್ಯಾಗ" ಎಂದೆ.

ಆಕೆ ಕರಿಯ ಫ್ಲಾಪಿಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ, "ಹಂಗಾರ ನಿಮ್ಮದನ್ನ ಹಚ್ಚೂಣ್ರಿ ಸರ. ಕಾಲೇಜಿನ ಮಾನ ಹೋಗಬಾರ್ದು" ಎಂದು ತಾನೇ ಬಗ್ಗಿ ಆ ಮುದಿ ಪೆಟ್ಟಿಗೆಯಿಂದ ಒಂದೊಂದೇ ತಂತಿ ಕಿತ್ತು ನನ್ನ ಯಂತ್ರಕ್ಕೆ ಸಿಗಿಸಿದಳು. ಯಾವ ತಂತಿ ಯಾವುದಕ್ಕೆ ಎಂದು ನನಗಿಂತ ಚೆನ್ನಾಗಿ ಆಕೆಗೇ ಗೊತ್ತಿತ್ತು.

ಅವತ್ತು ಕರೆಂಟು ಹೋಗಲೇ ಇಲ್ಲ, ಹಾಳಾದ್ದು. ವರ್ಷಪೂರ್ತಿ ಹೋಗುವ ಕರೆಂಟು ಅವತ್ತು ಸಂಜೆಯವರೆಗೂ ನಿಂತಿತು. ಸಮಿತಿಯವರು ಬಂದರು, ಹಸಿರು ಗೆರೆ ನೋಡಿದರು, ತಲೆದೂಗಿದರು. ಪ್ರಾಚಾರ್ಯರು ನನ್ನ ಬೆನ್ನು ತಟ್ಟಿ ಹೆಸರು ಹೇಳಿದರು. ಸಮಿತಿಯವರು ಹೋದ ಮೇಲೆ ಎಲ್ಲರೆದುರಿಗೆ ಗಿರಿಜಾಗೆ, "ಫ್ಲಾಪಿ ಮ್ಯಾಲ ಕಾಲೇಜ್ ನಡಸಾಕ ಹೊಂಟಿದ್ರಲ್ರಿ!" ಎಂದು ನಕ್ಕರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಕೆಳಗೆ ನೋಡುತ್ತ ಚಹಾದ ಕಪ್ಪು ಹಿಡಿದು ನಿಂತಿದ್ದೆ. ದೀಪಾವಳಿ ಕಳೆದು ವಾರಕ್ಕೆ ನನ್ನ ಕಾಯಂ ಆದೇಶ ಬಂತು. ಮಾವನವರು ಅಂಗಡಿಯಲ್ಲಿ ಪೇಡೆ ಹಂಚಿದರು. ಗಿರಿಜಾಳ ಹಂಗಾಮಿ ಅವಧಿ ಡಿಸೆಂಬರಿಗೆ ಮುಗಿಯಿತು, ಮುಂದುವರಿಸಲಿಲ್ಲ. ಹೋಗುವ ದಿನ ಲ್ಯಾಬಿನ ಬೀಗದ ಕೈ ನನಗೆ ಕೊಟ್ಟು, "ಬರ್ತೇನ್ರಿ ಸರ" ಎಂದಳು. ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೀ ಸಣ್ಣ ಮನುಷ್ಯ. ಅದಕ್ಕಿಂತ ಕೆಳಗೂ ಇಳಿದೆ. ಜನವರಿಯಲ್ಲಿ ಮತ್ತೆ ಲೋಡ್ ಶೆಡ್ಡಿಂಗು ಶುರುವಾಯಿತು. ಮೂರನೆಯ ದಿನ ನನ್ನ ಸಿಸ್ಟಂ ಬಿದ್ದದ್ದು ಏಳಲಿಲ್ಲ, ಡಿಸ್ಕೇ ಹೋಯಿತು. ಲ್ಯಾಬಿನ ಬಾಗಿಲು ಹಾಕಿಕೊಂಡು, ಆಕೆಯ ಮುದಿ ಪೆಟ್ಟಿಗೆಯನ್ನು ಕಪಾಟಿನ ಹಿಂದೆ ಇಟ್ಟು, ಚೀಲದ ಕಿಸೆಯಿಂದ ನೀಲಿ ಫ್ಲಾಪಿ ತೆಗೆದು ಹಾಕಿದೆ. ಕಿಸೆಯಲ್ಲಿ ಸೇರಿದ್ದ ಮೆಣಸಿನಕಾಯಿಯ ಕೆಂಪು ಪುಡಿ ಅದಕ್ಕೆ ಮೆತ್ತಿತ್ತು. ಎರಡು ನಿಮಿಷಕ್ಕೆ ಎದ್ದಿತು. ಆರು ವರ್ಷ ಅದೇ ಓಡಿತು. ಆರು ವರ್ಷವೂ ಮುಂದಿನ ಮೇಜಿನ ಮೇಲೆ ನನ್ನ ಯಂತ್ರಕ್ಕೆ ಬೇರೆ ಡಿಸ್ಕು ಹಾಕಿ, ಹಸಿರು ಗೆರೆಯೊಂದನ್ನು ಸುಮ್ಮನೆ ಕುಣಿಸುತ್ತ ಇಟ್ಟಿದ್ದೆ. ಬಂದವರಿಗೆಲ್ಲ ಅದನ್ನು ತೋರಿಸಿ, ನಮ್ಮ ನೆಟ್‌ವರ್ಕ್ ಒಂದು ದಿನವೂ ನಿಂತಿಲ್ಲ ನೋಡಿ ಎನ್ನುತ್ತಿದ್ದೆ. ಸ್ಟೇಷನ್ ರೋಡಿನ ಹಿಂದಿನ ಓಣಿಯನ್ನು ಮಾತ್ರ ಬಿಟ್ಟೆ. ಬಸ್ ಸ್ಟ್ಯಾಂಡಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಗುಜರಿಯವರು ಪೆಟ್ಟಿಗೆ ಎತ್ತಿಕೊಂಡು ಹೋದರು. ಫ್ಲಾಪಿಯನ್ನು ನಾನು ಇಟ್ಟುಕೊಂಡೆ. ಅದರ ಮೇಲೆ ನಾನು ಅಂಟಿಸಿದ್ದ ಚೀಟಿ, 'ಮುಟ್ಟಬಾರದು'. ಉಗುರಿನಿಂದ ಕಿತ್ತರೆ ಕೆಳಗೆ ಗಿರಿಜಾಳ ಗುಂಡು ಅಕ್ಷರ: 'ನಕಲು. ಸರ್ ಮನೆಯಲ್ಲಿ ಇರುವುದು.'

ವಿಜಯದಶಮಿಯ ಸಂಜೆ ಗುತ್ತಲಕ್ಕೆ ಹೋದೆ. ನಮ್ಮ ಕಡೆ ಸಣ್ಣವರು ಹಿರಿಯರ ಮನೆಗೆ ಬನ್ನಿಯ ಎಲೆ ಕೊಡಲು ಹೋಗುವುದು ಪದ್ಧತಿ. ಹಿರಿಯನಾದ ನಾನೇ ಬಾಗಿಲಿಗೆ ಬಂದದ್ದನ್ನು ನೋಡಿ ಗಿರಿಜಾ ಗಾಬರಿಯಾದಳು. ಕೂದಲು ನರೆತಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಟೈಪಿಂಗ್ ಕಲಿಸುತ್ತಾಳಂತೆ. ಇರುವುದು ಅದೇ ಸೋದರಮಾವನ ಮನೆಯ ಹಿಂದಿನ ಖೋಲಿಯಲ್ಲಿ.

"ಬರ್ರಿ ಸರ, ಕುಂದ್ರಿ. ನೀವ್ಯಾಕ ಬರಾಕ ಹೋದ್ರಿ? ನಾ ಬರ್ತಿದ್ದೆ" ಎಂದು ಚಾಪೆ ಹಾಸಿದಳು. ನಾನು ಕೊಟ್ಟ ಬನ್ನಿಯನ್ನು ಕಣ್ಣಿಗೊತ್ತಿಕೊಂಡಳು. ಬನ್ನಿ ಕೊಟ್ಟು ಬಂಗಾರದಂಗ ಇರೂಣ್ರಿ ಎಂದಳು. ನಾನೂ ಅಂದೆ.

"ಅವ್ವಾರು?"

"ಹೋದ ವರ್ಷ ಹೋದ್ಲ್ರಿ. ಇದ ಮನ್ಯಾಗ." ಬನ್ನಿಯನ್ನು ದೇವರ ಮುಂದಿಟ್ಟು, "ಮಾಮಿ ಒಲಿ ಬಿಟ್ಟುಕೊಡಲೇ ಇಲ್ರಿ ಕಡೀತನಕಾ" ಎಂದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಚೀಲದಿಂದ ಫ್ಲಾಪಿ ತೆಗೆದು ಚಾಪೆಯ ಮೇಲಿಟ್ಟೆ.

"ಮೇಡಂ, ಅವತ್ತ ಇದು ಬ್ಯಾಡಗ್ಯಾಗ ಇರ್ಲಿಲ್ರಿ."

ಆಕೆ ಅದನ್ನು ಎತ್ತಿಕೊಳ್ಳಲಿಲ್ಲ.

"ಗೊತ್ತೈತ್ರಿ. ನೀವು ಕರವಸ್ತ್ರ ತಗಿಯೂ ಮುಂದ ಕಿಸೇದಾಗ ಇದರ ನೀಲಿ ಮೂಲಿ ಕಂಡಿತ್ತು."

"ಕಂಡಿತ್ತಂದ್ರ ಮತ್ತ... ಕೊಡ್ರಿ ಅಂತ ಯಾಕ ಕೇಳಲಿಲ್ರಿ ನೀವು?"

"ಕೇಳಿದ್ನಲ್ರಿ ಸರ" ಎಂದು, ಚಹಾ ಇಡಲು ಎದ್ದು ಹೋದಳು.